ಕಾಗೆ ಮುಟ್ಟಿದ ತಲೆ

ಸಂಕನಹಾಳದ ಕೆರೆಯ ದಂಡೆಯಲ್ಲಿ, ಗರಿಯ ಚಪ್ಪರವೊಂದರ ಕೆಳಗೆ, ಪೂಜ್ಯ ಹಾಲವ್ವ ತಾಯಿಯವರು ಅರವಟ್ಟಿಗೆ ನಡೆಸಿಕೊಂಡಿದ್ದರು. ಮಠವಿಲ್ಲ, ಗದ್ದುಗೆಯಿಲ್ಲ. ಕೊರಳಲ್ಲಿ ಲಿಂಗ, ಮೈಮೇಲೆ ಮಾಸಿದ ಸೀರೆ, ಎದುರಿಗೆ ಸಾಲಾಗಿ ಮಣ್ಣಿನ ಗಡಿಗೆಗಳು. ದಾರಿಹೋಕರ ಬೊಗಸೆಗೆ ನೀರು ಸುರಿಯುವುದೇ ಅವರ ಪೂಜೆಯಾಗಿತ್ತು.

ಒಂದು ವೈಶಾಖದ ಬೆಳಿಗ್ಗೆ ಗಾಣದ ಈರಬಸಪ್ಪ ಅಲ್ಲಿಗೆ ಬಂದ. ಬಂದ ಎನ್ನುವುದಕ್ಕಿಂತ, ಹೆಂಡತಿ ಶಂಕರವ್ವ ಮತ್ತು ಅವಳ ತಮ್ಮ ಮಡಿವಾಳಪ್ಪ ಎರಡೂ ಕಡೆಯಿಂದ ಹಿಡಿದು ಕರೆತಂದರು. ಎತ್ತಿನಂಥ ಆಳು ಬತ್ತಿಹೋಗಿದ್ದ. ಬಿಸಿಲಿನಲ್ಲೂ ತಲೆತುಂಬ ಕಂಬಳಿ ಹೊದ್ದಿದ್ದ.

ಕೆಲವು ದಿನಗಳ ಹಿಂದೆ ಅವನು ಕೆರೆಯ ಏರಿಯ ಹುಣಸೆಮರದ ಕೆಳಗೆ ಬರುತ್ತಿದ್ದಾಗ ಕಾಗೆಯೊಂದು ಹಿಂದಿನಿಂದ ಹಾರಿಬಂದು ತಲೆಗೆ ಬಡಿದಿತ್ತು. ಕಾಗೆ ಮುಟ್ಟಿದರೆ ಸಾವು ಎಂಬ ಅಂಜಿಕೆ. ನಂಟರು ಒಮ್ಮೆ ಅತ್ತರೆ ಸಾವು ತೀರಿದ ಲೆಕ್ಕವೆಂಬ ರೂಢಿಯಂತೆ, ದೋಷ ಕಳೆಯಲೆಂದು ಮನೆಯವರು ಅವನ ತಂಗಿಗೆ ‘ನಿಮ್ಮಣ್ಣ ತೀರಿಕೊಂಡ’ ಎಂದು ಸುಳ್ಳು ಸುದ್ದಿ ಮುಟ್ಟಿಸಿದರು. ಆಕೆ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ತನ್ನ ಸಾವಿಗೆ ತಂಗಿ ಅಳುವುದನ್ನು ಕಣ್ಣಾರೆ ಕಂಡ ಈರಬಸಪ್ಪ, ದೋಷ ಕಳೆಯಿತೆಂದು ನಂಬುವ ಬದಲು ಹಾಸಿಗೆ ಹಿಡಿದ.

ಪಂಚಾಂಗ ನೋಡುವವರು ಇನ್ನೊಂದು ಮಾತು ಹೇಳಿದ್ದರು. ಕೊರಳ ಸುತ್ತ ಬೂದುಬಣ್ಣವಿರುವ ಊರ ಕಾಗೆ ಮುಟ್ಟಿದ್ದರೆ ದೋಷ ಅಲ್ಪ. ಇಡೀ ಮೈ ಕಪ್ಪಾದ ಕಾಡುಕಾಗೆ ಮುಟ್ಟಿದ್ದರೆ ಮರಣವೇ ಗತಿ. ಮಗಳು ಗಂಗವ್ವನ ಲಗ್ನ ಗೊತ್ತಾಗಿತ್ತು. ಈ ಸುದ್ದಿ ಬೀಗರ ಕಿವಿಗೂ ಬಿದ್ದು, ಯಾವ ಕಾಗೆಯೆಂದು ತಿಳಿಯುವ ತನಕ ಅಕ್ಕಿಕಾಳಿನ ಮುಹೂರ್ತ ಬೇಡವೆಂದು ಅವರು ಹೇಳಿಕಳಿಸಿದ್ದರು.

“ಊರ ಕಾಗಿನ ಅದು, ಯವ್ವಾ. ಅದರ ಕೊಳ್ಳ ಬೂದಿ ಬಣ್ಣ ಇತ್ತು,” ಎಂದಳು ಶಂಕರವ್ವ.

“ಅಕ್ಕಾ, ನೀ ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದಿ. ಮಾವನ ಜೋಡಿ ಇದ್ದಾವ ನಾನು. ಇಡೀ ಕರ್ರಗಿತ್ತು,” ಎಂದ ಮಡಿವಾಳಪ್ಪ.

ಶಂಕರವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಈರಬಸಪ್ಪ ತಾಯಿಯವರ ಪಾದ ಹಿಡಿದ. “ನಾ ತಿರುಗಿ ನೋಡೂದ್ರಾಗ ಹಾರಿಹೋಗಿತ್ರಿ. ನೀವು ಕಣ್ಣು ಮುಚ್ಚಿ ಕುಂತ್ರ ಎಲ್ಲಾ ಕಾಣತೈತಿ ಅಂತಾರ. ಅದು ಯಾವ ಕಾಗಿ, ಹೇಳ್ರಿ.”

ತಾಯಿಯವರು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು. “ಕಣ್ಣು ಮುಚ್ಚಿ ಕಾಗಿ ಹೆಂಗ ನೋಡೂದಪ್ಪ? ನಡಿ, ಕಣ್ಣು ತಗದು ನೋಡೋಣ.”

ಹೀಗೆಂದವರೇ ಏರಿಯ ಕಡೆ ನಡೆದೇಬಿಟ್ಟರು! ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ಹಿಂದೆ ಓಡಿದರು. ಎಮ್ಮೆ ಮೈತೊಳೆಯುತ್ತಿದ್ದವರು ಅರ್ಧಕ್ಕೇ ಬಿಟ್ಟು ಬಂದರು. ಈರಬಸಪ್ಪ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡ. ಆದರೂ ತಾಯಿಯವರು ಮುಂದಿರುವಾಗ ಹಿಂದುಳಿಯಲಾರದೆ ಹೆಜ್ಜೆಯಿಟ್ಟ.

ಮರದ ಹತ್ತಿರ ಬೂದು ಕೊರಳಿನ ಸಣ್ಣ ಕಾಗೆಯೊಂದು ಕಲ್ಲಿನ ಮೇಲೆ ಕುಳಿತು ಯಾರೋ ಚೆಲ್ಲಿದ ಅನ್ನ ಹೆಕ್ಕುತ್ತಿತ್ತು. “ಇದಽ, ಇದಽ ಬಡಿದದ್ದು!” ಎಂದು ಶಂಕರವ್ವ ಕೂಗಿದಳು. ಅದು ತೆಳುದನಿಯಲ್ಲಿ ಕಾ ಎಂದು ಹಾರಿಹೋಯಿತು. ಯಾರ ತಂಟೆಗೂ ಬರಲಿಲ್ಲ. ತಾಯಿಯವರು ತಲೆಯ ಮೇಲಿನ ಸೆರಗನ್ನು ಹೆಗಲಿಗೆ ಸರಿಸಿ, ಬರಿದಲೆಯಲ್ಲಿ ನೇರ ಮರದ ಬುಡಕ್ಕೆ ಹೋಗಿ ನಿಂತರು.

ಮೇಲಿನಿಂದ ಒಡಕು ದನಿಯ ಕೂಗು ಕೇಳಿತು. ದಪ್ಪ ಕೊಕ್ಕಿನ, ಮಸಿಯಂಥ ಹಕ್ಕಿಯೊಂದು ಕೊಂಬೆಯಿಂದ ಕಳಚಿಕೊಂಡಂತೆ ಇಳಿಯಿತು. “ಬಂತು, ಬಂತು! ಯವ್ವಾ, ಸರೀರಿ!” ಎಂದು ಜನ ಕಿರುಚುವಷ್ಟರಲ್ಲಿ ತಾಯಿಯವರ ನೆತ್ತಿಗೆ ರಪ್ಪನೆ ಬಡಿದು ಹೋಯಿತು. ಬೆಳ್ಳಿಗೂದಲಲ್ಲಿ ರಕ್ತದ ಹನಿ ಕಾಣಿಸಿತು. ಹೆಂಗಸರು ಹೋ ಎಂದು ಅತ್ತರು.

ತಾಯಿಯವರು ಮಾತ್ರ ಗಟ್ಟಿಯಾಗಿ ನಕ್ಕರು. “ಕಾಡುಕಾಗಿನ ಐತೆಪ್ಪ, ಈರಬಸಪ್ಪ. ಇಡೀ ಕರ್ರಗೈತಿ. ನನ್ನೂ ಮುಟ್ಟಿತು. ಹೋಗೂದಿದ್ರ ಇಬ್ರೂ ಕೂಡೇ ಹೋಗೋಣಂತ. ಅದಕ್ಕಿಂತ ಮೊದಲ, ಅದಕ್ಕ ಇಷ್ಟು ಸಿಟ್ಟು ಯಾಕ ಬಂದೈತಿ, ನೋಡು.”

ಈರಬಸಪ್ಪ ನೋಡಿದ. ಅಷ್ಟು ದಿನದಲ್ಲಿ ಮೊದಲ ಬಾರಿಗೆ ತಲೆಯೆತ್ತಿ ನೋಡಿದ. ಕವಲಿನಲ್ಲಿ ಕಡ್ಡಿಯ ಗೂಡು. ಅಂಚಿನಲ್ಲಿ ಬಾಯಿ ತೆರೆದ ಮರಿಗಳು. ಅಷ್ಟರಲ್ಲಿ ಬುಡದ ಮುಳ್ಳುಬೇಲಿಯಲ್ಲಿ ಏನೋ ಚೀರಿತು. ಬಗ್ಗಿದರೆ, ಗೂಡಿನಿಂದ ಬಿದ್ದ ಮರಿಯೊಂದು ರೆಕ್ಕೆ ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು.

ಅವನು ಯಾರನ್ನೂ ಕೇಳಲಿಲ್ಲ. ಕಂಬಳಿ ಕಿತ್ತೆಸೆದ, ಮುಳ್ಳಿಗೆ ಕೈಹಾಕಿ ಮರಿ ಬಿಡಿಸಿದ, ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಮರ ಹತ್ತಿದ. ಈಗ ಜೋಡಿ ಕಾಗೆಗಳೂ ಒಟ್ಟಿಗೇ ಎರಗಿದವು. ತಲೆಗೆ, ಬೆನ್ನಿಗೆ, ಕಿವಿಗೆ! “ಮಾವಾ, ಇಳಿಯೋ! ಸಾಯ್ತೀ!” ಎಂದು ಮಡಿವಾಳಪ್ಪ ಅರಚಿದ. “ಎಡಕ್ಕ ಕಾಲಿಡು, ಎಡಕ್ಕ!” ಎಂದು ಶಂಕರವ್ವ ಅಳು ಮರೆತು ಕೂಗಿದಳು. ಕೊಂಬೆ ಲಟಕ್ಕೆಂದಿತು. ಅವನು ಇನ್ನೊಂದು ಕೊಂಬೆಗೆ ಜೋತು, ಮೇಲೇರಿ, ಮರಿಯನ್ನು ಗೂಡಿಗೆ ಸೇರಿಸಿಯೇಬಿಟ್ಟ. ಏರಿಯ ಮೇಲೆ ನಿಂತ ಜನರೆಲ್ಲ ಚಪ್ಪಾಳೆ ತಟ್ಟಿದರು.

ಕೆಳಗಿಳಿದಾಗ ಮುಖವೆಲ್ಲ ರಕ್ತ, ಬೆವರು. ಆದರೆ ಕಣ್ಣು ಹೊಳೆಯುತ್ತಿದ್ದವು. ತಾಯಿಯವರು ಕೇಳಿದರು: “ಯಾವ ಕಾಗಿ ಅಂತ ಗೊತ್ತಾತೇನಪ್ಪ?”

“ಗೊತ್ತಾತು ಯವ್ವಾ,” ಎಂದ ಈರಬಸಪ್ಪ. “ಮಕ್ಕಳ ಚಿಂತಿ ಇರೂ ಕಾಗಿ. ನನ್ನಂಗ ಅಂಜಿತ್ತು.”

ತಾಯಿಯವರು ಅವನ ಗಾಯಗಳಿಗೆ ವಿಭೂತಿ ಹಚ್ಚಿ, “ನಿನ್ನ ಕೆಲಸ ನೋಡು, ಹೋಗು,” ಎಂದಷ್ಟೇ ಹೇಳಿ ಗಡಿಗೆಗಳ ಬಳಿಗೆ ಮರಳಿದರು.

ಈರಬಸಪ್ಪ ಮನೆಗೆ ಹೋಗಲಿಲ್ಲ. ನಡುಮಧ್ಯಾಹ್ನದ ಬಿಸಿಲಲ್ಲೇ ನಡೆದು ಬೀಗರ ಊರಿಗೆ ಹೋಗಿ, ಅವರ ಕಟ್ಟೆಯ ಮುಂದೆ ನಿಂತು ಹೇಳಿದ: “ಬೀಗರ, ಕರಿ ಕಾಗಿನ ಮುಟ್ಟಿದ್ದು. ಇವತ್ತು ಮತ್ತ ಮುಟ್ಟೇತಿ. ಎಷ್ಟು ಸಲ ಅಂತ ಎಣಸಿಲ್ಲ. ಮರಿ ಬಿದ್ದಿತ್ತು, ಗೂಡಿಗೆ ಇಟ್ಟು ಬಂದೇನಿ. ನಾ ಗಟ್ಟಿಯಾಗೇನಿ. ನನ್ನ ಮಗಳನ್ನ ಮನಿ ತುಂಬಿಸ್ಕೊತೀರೋ ಇಲ್ಲೋ, ಈಗ ಹೇಳ್ರಿ.”

ಮುದುಕ ಬೀಗರು ಆ ರಕ್ತ ಮೆತ್ತಿದ ತಲೆಯನ್ನೂ, ನಗುವ ಮುಖವನ್ನೂ ನೋಡಿದರು. ಆಮೇಲೆ ಒಳಗೆ ತಿರುಗಿ, “ಏ, ಒಂದೀಟು ಅರಿಷಿಣ ಕಲಸಿ ತರ್ರೆ!” ಎಂದು ಕೂಗಿ, ಅವನ ಕೈಹಿಡಿದು ಕೂರಿಸಿದರು. “ಕುಂದರ್ರಿ ಬೀಗರ. ಅಕ್ಕಿಕಾಳ ದಿನ ಮಂದಿ ಮುಂದ ಈ ತಲಿ ಹೊತ್ತು ನಿಂದರಾಕ ಆಕ್ಕೈತೇನು?”

ಅರಿಷಿಣ ಗಾಯಕ್ಕೆ ತಾಗಿ ಉರಿಯಿತು. ಈರಬಸಪ್ಪ ಸಂಕನಹಾಳದ ದಿಕ್ಕಿಗೆ ಕೈಮುಗಿದು, ಮಗುವಿನಂತೆ ನಗುತ್ತ ಅತ್ತುಬಿಟ್ಟ.