ಕೆಂಡ ಹೊತ್ತ ಅಗಲದ ಹಲಗೆ

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಇದು ಚಳಿಯ ಕಥೆ, ದೂರ ಕೂತು ಕೇಳೋದಲ್ಲ. ಏಳು ಬೆಟ್ಟದಾಚೆ ಒಂದು ರಾಜ್ಯ. ಅಲ್ಲಿ ವರ್ಷಕ್ಕೆ ಆರು ತಿಂಗಳು ಹಿಮ. ಬಾವಿಯಲ್ಲೂ ಹಿಮ, ಬಯಲಲ್ಲೂ ಹಿಮ, ರಾಜನ ಮೀಸೆಯಲ್ಲೂ ಹಿಮ. ಬರಿಗಾಲಲ್ಲಿ ನಡೆದರೆ ಸೊಂಟದ ತನಕ ಹೂತುಹೋಗ್ತಾರೆ. ಅದಕ್ಕೇ ಅಲ್ಲಿನ ಜನ ಎರಡು ಕಾಲಿಗೂ ಉದ್ದನೆಯ ಮರದ ಹಲಗೆ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಸುಯ್ ಅಂತ ಜಾರ್ತಾರೆ.

ದಿನಾ ಬೆಳಗ್ಗೆ ಎಂಟು ಎತ್ತು ದಿಮ್ಮಿ ಎಳೆದು ಊರ ದಾರಿಯ ಹಿಮವನ್ನು ಗಟ್ಟಿ ಮಾಡೋವು. ಅದರ ಮೇಲೆ ಜೋಡಿ ಗೆರೆ ಕೊರೆಯೋರು. ಗೆರೆಯೊಳಗೆ ಹಲಗೆ ಇಟ್ಟರೆ ಸಾಕು, ದಾರಿ ತಾನೇ ಕರಕೊಂಡು ಹೋಗೋದು. ಆ ಗೆರೆಯಲ್ಲಿ ಎಲ್ಲರಿಗಿಂತ ಜೋರು ಕೋದಂಡಯ್ಯ, ಅರಮನೆಯ ಹಲಗೆಗಳ ಯಜಮಾನ. ಅವನ ಹಲಗೆ ಮೂರು ಬೆರಳು ಅಗಲ, ಆಳಿಗಿಂತ ಉದ್ದ, ಮೇಲೆ ಕೆಂಪು ಅರಗಿನ ಮೆರುಗು. ಅವನ ಜಂಭವೋ, ಕೇಳಲೇಬೇಡಿ!

ಅದೇ ಅರಮನೆಯ ಒಲೆ ಕಾಯೋಳು ದ್ಯಾವಕ್ಕ. ಆ ಚಳಿಗೆ ಕಲ್ಲು ಕುಟ್ಟಿದರೂ ಕಿಡಿ ಹತ್ತದು. ಯಾರ ಮನೆ ಒಲೆ ಆರಿದರೂ ಅರಮನೆಯ ಒಲೆಯಿಂದಲೇ ಕೆಂಡ ಹೋಗಬೇಕು. ದ್ಯಾವಕ್ಕನ ತವರು ಎದುರುಬೆಟ್ಟದ ನೆತ್ತಿಯಾಚೆಯ ಹಟ್ಟಿ. ಮಗಳು ಸೋಮಿಯನ್ನೂ ಅಲ್ಲಿಗೇ ಕೊಟ್ಟಿದ್ದಳು. ಸೋಮಿ ತುಂಬಿದ ಬಸುರಿ, ಇವತ್ತೋ ನಾಳೆಯೋ ಅನ್ನೋ ಹಾಗಿದ್ದಳು. ದ್ಯಾವಕ್ಕ ದಿನಾ ಕಿಟಕಿಯಿಂದ ಹಟ್ಟಿಯ ಹೊಗೆ ನೋಡಿ, "ನನ್ನ ಕೂಸು ಬೆಚ್ಚಗಿದೆ" ಅಂದ್ಕೊಳ್ಳೋಳು.

ಒಂದು ದಿನ ಬಿರುಗಾಳಿ ಬೀಸಿತು. ಮಾರನೆಯ ಬೆಳಗ್ಗೆ ನೋಡಿದರೆ ಹೊಗೆ ಇಲ್ಲ. ಒಂದು ಮನೆಯದೂ ಇಲ್ಲ. ದ್ಯಾವಕ್ಕ ಮಡಕೆಗೆ ಕೆಂಡ ತುಂಬಿದಳು. ಓಡಿಹೋಗಿ ರಾಜನ ಮುಂದೆ ನಿಂತಳು.

"ಬುದ್ಧೀ, ಹಟ್ಟಿಯ ನಲವತ್ತು ಒಲೆಯೂ ಆರಿದಾವೆ. ಈ ಹೊತ್ತು ಬೆಂಕಿ ಮುಟ್ಟದಿದ್ದರೆ ಜನ ಉಳಿಯಲ್ಲ. ಕೆಂಡ ಹೊತ್ಕೊಂಡು ನಾನೇ ಹೋಗ್ತೀನಿ."

ಕೋದಂಡಯ್ಯ ನಕ್ಕುಬಿಟ್ಟ. "ನಾನಿರೋವಾಗ ಈ ಮುದುಕೀನಾ? ಮಧ್ಯಾಹ್ನಕ್ಕೆ ಹೊಗೆ ನೋಡಿ ಪ್ರಭು!" ಕೆಂಡದ ಮಡಕೆ ಕಿತ್ಕೊಂಡು ಹೊರಟೇಬಿಟ್ಟ.

ಮಧ್ಯಾಹ್ನಕ್ಕೆ ವಾಪಸು ಬಂದ. ಮಡಕೆ ಖಾಲಿ. "ಕೊಟ್ಟು ಬಂದೆ ಪ್ರಭು! ಮುದುಕರು ಕಾಲಿಗೆ ಬಿದ್ದರು, ಹೆಂಗಸರು ಆರತಿ ಎತ್ತಿದರು, ಮಕ್ಕಳು ಕುಣಿದರು."

ದ್ಯಾವಕ್ಕ ಕಿಟಕಿಗೆ ಹೋಗಿ ನೋಡಿದಳು. ಹೊಗೆ ಇಲ್ಲ. ಕಣ್ಣೊರೆಸಿಕೊಂಡು ನೋಡಿದಳು. ಇಲ್ಲ. ಮೂರನೇ ಸಲವೂ ಇಲ್ಲ.

"ಹಸಿ ಸೌದೆ ಕಣಮ್ಮ, ಹತ್ತೋದು ನಿಧಾನ" ಅಂದ ಕೋದಂಡಯ್ಯ.

ದ್ಯಾವಕ್ಕ ಜಗಳ ಆಡಲಿಲ್ಲ. "ಇರಬಹುದು ಸ್ವಾಮಿ. ನಂಗೆ ಮಗಳ ಮುಖ ನೋಡಬೇಕು. ವಯಸ್ಸಾಯ್ತು, ದಾರಿ ಮರೆತಿದೀನಿ. ನೀವು ಹೋದ ಜಾಡು ಹಿಮದ ಮೇಲೆ ಇದ್ದೇ ಇರುತ್ತಲ್ಲ, ಅದನ್ನೇ ಹಿಡಿದು ಹೋಗ್ತೀನಿ. ಬುದ್ಧೀ, ಜಾಡಿನ ತನಕ ಬಂದು ಹರಸಿ ಕಳಿಸಿ."

"ಆಗಲಿ" ಅಂದ ರಾಜ. ಕೋದಂಡಯ್ಯನ ಮುಖ ಬೂದಿಯಾಯ್ತು.

ಎಲ್ಲರೂ ಹೋದರು. ಊರ ಗೆರೆ ಮುಗೀತು. ಅಲ್ಲಿಂದಾಚೆ ಎತ್ತು ತುಳಿಯದ ಹಿಮ. ಕೋದಂಡಯ್ಯನ ಜಾಡು ಹತ್ತು ಮಾರು ಹೋಗಿ ನಿಂತುಬಿಟ್ಟಿತ್ತು! ಅಲ್ಲೊಂದು ಗುಂಡಿ, ಕೈಕಾಲು ಚಾಚಿ ಕವುಚಿ ಬಿದ್ದ ಆಳಿನ ಅಚ್ಚು. ಪಕ್ಕದಲ್ಲೇ ಚೆಲ್ಲಿದ ಕೆಂಡದ ಕರಿ.

"ಹಿಮವೇ ಸರಿಯಿಲ್ಲ ಪ್ರಭು!" ಅಂದ ಕೋದಂಡಯ್ಯ. ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ!

ರಾಜ ಅವನ ಕಡೆ ತಿರುಗಿಯೂ ನೋಡಲಿಲ್ಲ. "ಈಗೇನಮ್ಮಾ ಗತಿ?"

ದ್ಯಾವಕ್ಕ ಹೊಸ ಕೆಂಡ ತುಂಬಿದ ಮಡಕೆಯ ಜೊತೆ ಹಳೇ ಹಲಗೆಗಳನ್ನೂ ತಂದಿದ್ದಳು. ಮದುವೆಯಾಗಿ ಹಟ್ಟಿಯಿಂದ ಇಳಿದುಬಂದಾಗ ಕಾಲಲ್ಲಿದ್ದವು. ಆಮೇಲೆ ಸೌದೆಮನೆ ಬಾಗಿಲಿಗೆ ಅಡ್ಡ ಕೊಟ್ಟಿದ್ದಳು. ಬಣ್ಣವಿಲ್ಲ, ಮೆರುಗಿಲ್ಲ, ಚಾಚಿದ ಅಂಗೈಯಷ್ಟು ಅಗಲ.

"ಇಷ್ಟು ಒರಟು ಹಲಗೇನಾ?" ಅಂದ ರಾಜ.

"ಗೆರೆಯೊಳಗೆ ಇದು ಎಮ್ಮೆಯೇ ಬುದ್ಧೀ, ಒಪ್ಕೋತೀನಿ. ಆದರೆ ಅಗಲ ಇದೆ, ಮೆತ್ತನೆ ಹಿಮದಲ್ಲಿ ಮುಳುಗಲ್ಲ. ತಳಕ್ಕೆ ಮೀನಿನ ಹುರುಪೆ ಥರ ಕೆತ್ತಿದಾರೆ, ಹತ್ತುವಾಗ ಹಿಂದಕ್ಕೆ ಜಾರಲ್ಲ. ಅಂಚಿಗೆ ಕಬ್ಬಿಣದ ಪಟ್ಟಿ ಇದೆ, ಕಲ್ಲಾದ ಹಿಮವನ್ನೂ ಕಚ್ಚುತ್ತೆ."

ಹೊರಟಳು. ಮೆತ್ತನೆ ಹಿಮ ಬಂತು, ಅಗಲ ಹೊತ್ಕೊಂಡಿತು. ಏರು ಬಂತು, ಹುರುಪೆ ಹಿಡ್ಕೊಂಡಿತು. ಕಲ್ಲಾದ ಹಿಮ ಬಂತು, ಕಬ್ಬಿಣ ಕಿರ್ರ್ ಅಂತ ಕಚ್ಕೊಂಡಿತು.

ನೆತ್ತಿಗೆ ಬಂದಳು ನೋಡಿ, ದ್ಯಾವಕ್ಕ ಅಲ್ಲೇ ನಿಂತುಬಿಟ್ಟಳು. ಕಣ್ಣು ಹಾಯೋ ತನಕ ಬಿಳುಪು. ಹಕ್ಕಿಯ ಕಾಲಿನ ಗುರುತೂ ಇಲ್ಲ. ಸದ್ದೇ ಇಲ್ಲ, ತನ್ನ ಉಸಿರು ತನಗೇ ಕೇಳುತ್ತೆ. ಇಳಿಬಿಸಿಲು ಬಿದ್ದು ಬೆಟ್ಟದ ಮೇಲೆ ಬೆಟ್ಟ ಹೊಂಬಣ್ಣಕ್ಕೆ ತಿರುಗಿತ್ತು. "ಅಬ್ಬಬ್ಬಾ! ಇಷ್ಟೊಂದನ್ನು ಯಾರಿಗೋಸ್ಕರ ಹಾಸಿದೆಯಪ್ಪಾ ದೇವರೇ!" ಭಯವೂ ಆಯ್ತು, ಸಂತೋಷವೂ ಆಯ್ತು. ಎದೆಗವಚಿದ ಮಡಕೆ ಬೆಚ್ಚಗಿತ್ತು. ಕೈಮುಗಿದು ಹಟ್ಟಿಗೆ ಇಳಿದಳು.

ಹಟ್ಟಿಯ ಜನವೆಲ್ಲಾ ಒಂದೇ ಮನೆಯಲ್ಲಿ ಕುರಿಗಳ ನಡುವೆ ಮುದುಡಿ ಕೂತಿದ್ದರು. ಸೋಮಿ ಬೆಳಗ್ಗೆ ತಾನೇ ಹೆತ್ತಿದ್ದಳು. ಕೂಸಿನ ತುಟಿ ನೀಲಿಯಾಗಿತ್ತು, ಅಳೋ ಶಕ್ತಿಯೂ ಇರಲಿಲ್ಲ.

"ಅವ್ವಾ, ಬಂದೆಯಾ?" ಅಂದಳು ಸೋಮಿ.

ದ್ಯಾವಕ್ಕ ಒಲೆಯ ಮುಂದೆ ಕೂತಳು. ಕೆಂಡ ಸುರಿದು ಊದಿದಳು. ಹೊಗೆ ಎದ್ದಿತು. ಮತ್ತೆ ಊದಿದಳು. ಕಿಡಿ ಹಾರಿತು. ಮೂರನೇ ಸಲ ಊದಿದಳು, ಬೆಂಕಿ ಭಗ್ ಅಂತ ಹತ್ತಿತು. ಸ್ವಲ್ಪ ಹೊತ್ತಿಗೆ ಕೂಸು ಕಾಲು ಝಾಡಿಸಿ ಮನೆ ಹಾರಿಹೋಗೋ ಹಾಗೆ ಅತ್ತಿತು. ದ್ಯಾವಕ್ಕನೂ ಅತ್ತಳು.

ಒಂದು ಒಲೆಯಿಂದ ಇನ್ನೊಂದಕ್ಕೆ ಕೆಂಡ ಹೋಯ್ತು. ನಲವತ್ತು ಹೊಗೆ ಆಕಾಶಕ್ಕೆ ಎದ್ದವು. ಆಗ ದೂರ ಕೆಳಗಿನಿಂದ ಅರಮನೆಯ ಕಹಳೆ ಕೇಳಿಸಿತು. ರಾಜ ಇನ್ನೂ ಗೆರೆಯ ತುದಿಯಲ್ಲೇ ನಿಂತಿದ್ದನಂತೆ.

ಕೋದಂಡಯ್ಯನ ಕಥೆ ಏನಾಯ್ತು ಅಂತೀರಾ? ಚಳಿಗಾಲ ಮುಗಿಯೋ ತನಕ ವಾರವಾರವೂ ಹಟ್ಟಿಗೆ ಸೌದೆ ಹೊತ್ತ. ಯಾವ ಹಲಗೆ ಕಟ್ಟಿಕೊಂಡು ಹೊತ್ತ ಅಂತ ಬೇರೆ ಹೇಳಬೇಕಾ?

ನೀತಿ ಇಷ್ಟೇ ಮಕ್ಕಳೇ: ಮೆರುಗು ನೋಡಿ ಹಲಗೆ ಆರಿಸಬೇಡಿ, ಹೋಗೋ ದಾರಿ ನೋಡಿ ಆರಿಸಿ. ಹೋಗದೇ ಇದ್ದ ಜಾಗಕ್ಕೆ ಹೋಗಿ ಬಂದೆ ಅಂತ ಹೇಳಬೇಡಿ, ಜಾಡು ಸುಳ್ಳಾಡೋದಿಲ್ಲ. ಹ್ಞೂಂ, ಯಾರಾದರೂ ಆ ಒಲೆಗೊಂದು ಕಟ್ಟಿಗೆ ಹಾಕ್ರಪ್ಪಾ, ಆರಿಹೋದೀತು.