ಹಿಡಿಯ ಕೆಳಗಿನ ಬಿರುಕು

"ಗುರುಗಳೇ, ಒಬ್ಬನು ಒಂದು ತಪ್ಪನ್ನು ಕಾಣುತ್ತಾನೆ. ಯಜಮಾನನಿಗೆ ಹೇಳುತ್ತಾನೆ. ಯಜಮಾನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಮೇಲೆ ಹೇಳಿದವನ ಮೇಲೆ ಏನು ಹೊಣೆ ಉಳಿಯುತ್ತದೆ?"

ಶಿಷ್ಯ ಪರುತಪ್ಪ ಹೀಗೆ ಕೇಳಿದ ಕೂಡಲೇ ಗುರು ಗದಿಗೆಯ್ಯನವರ ಮುಖ ಕೆಂಪಾಯಿತು.

"ಏನೂ ಉಳಿಯುವುದಿಲ್ಲ ಅಂತ ನನ್ನ ಬಾಯಿಂದಲೇ ಹೇಳಿಸಿಕೊಂಡು ಹೋಗಲು ಬಂದಿದ್ದೀಯಾ? ಅದು ಆಗದ ಮಾತು. ಕೂತುಕೋ. ಈ ಕತೆ ನೆನೆದರೇ ನನ್ನ ಮೈ ಉರಿಯುತ್ತದೆ. ಆದರೂ ಹೇಳುತ್ತೇನೆ."

ಗುರುಗಳು ಹೇಳತೊಡಗಿದರು.

ಒಬ್ಬ ಚರ್ಮದ ಕೆಲಸಗಾರನಿದ್ದ. ಹಳೆಯ ವಿಮಾನಗಳ ಕೋಲಿಗೆ ಹೊಸ ಹಿಡಿ ಹೊಲಿಯುವುದು ಅವನ ಕಸುಬು. ಕೋಲು ಎಂದರೆ ಪೈಲಟ್ ತನ್ನ ಮುಂದೆ ಹಿಡಿದುಕೊಂಡು ಕೂರುವ ಲೋಹದ ಕೊಳವೆ. ಎಳೆದರೆ ವಿಮಾನ ಏರುತ್ತದೆ, ತಳ್ಳಿದರೆ ಇಳಿಯುತ್ತದೆ. ಹಾರುವವನ ಜೀವ ಆ ಕೊಳವೆಯನ್ನು ನಂಬಿಕೊಂಡಿರುತ್ತದೆ. ಅದರ ತುದಿಗೆ ಸುತ್ತಿದ ಚರ್ಮ ಎಷ್ಟೋ ಕೈಗಳ ಬೆವರು ಕುಡಿದು ಹರಿದು ಹೋಗಿರುತ್ತದೆ. ಅದನ್ನು ಬಿಚ್ಚಿ ತೆಗೆದು, ಹೊಸ ಚರ್ಮವನ್ನು ನೀರಿನಲ್ಲಿ ನೆನೆಸಿ, ಎಳೆದು ಹೊಲಿಯಬೇಕು. ಒಣಗುತ್ತಾ ಅದು ಬಿಗಿದುಕೊಳ್ಳುತ್ತದೆ. ಈ ಕೆಲಸದಲ್ಲಿ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ. ಕೈಚಳಕಕ್ಕೇನೂ ಕಡಿಮೆಯಿರಲಿಲ್ಲ, ಬಿಡು.

ಒಬ್ಬ ಸಾಹುಕಾರ ಹಳೆಯ ವಿಮಾನವೊಂದನ್ನು ಕೊಂಡ. ನಾಲ್ಕು ಜನರ ಮುಂದೆ ಅದನ್ನು ಹಾರಿಸಿ ತೋರಿಸಬೇಕೆಂಬ ಹುಚ್ಚು ಅವನಿಗೆ. ಹಾರಿಸಲು ಒಬ್ಬ ಪೈಲಟ್‌ನನ್ನು ಗೊತ್ತು ಮಾಡಿ, ಕೋಲನ್ನು ಚರ್ಮದವನಿಗೆ ಕಳಿಸಿದ.

ಚರ್ಮದವನು ಹಳೆಯ ಹಿಡಿಯನ್ನು ಬಿಚ್ಚಿದ. ಕೆಳಗೆ ಕೊಳವೆ ಬಿರುಕು ಬಿಟ್ಟಿತ್ತು. ಉಗುರು ಆಡಿಸಿದರೆ ಸಿಕ್ಕುವಷ್ಟು. ಅವನು ಸಾಹುಕಾರನ ಬಳಿಗೆ ಹೋಗಿ ಹೇಳಿದ.

"ನಿನಗೆ ಕೊಟ್ಟಿದ್ದು ಚರ್ಮದ ಕೆಲಸ" ಎಂದ ಸಾಹುಕಾರ. "ಹಾರಿಸುವ ದಿನ ಗೊತ್ತಾಗಿದೆ, ಎಲ್ಲರಿಗೂ ಹೇಳಿಯಾಗಿದೆ. ಕೊಳವೆಯ ಚಿಂತೆ ನಿನಗ್ಯಾಕೆ?"

ಸಾಹುಕಾರನಿಗೆ ಬುದ್ಧಿ ಇರಲಿಲ್ಲ, ಸರಿ. ಅಂಥವರು ಊರಿಗೆ ಹತ್ತು ಜನ ಇರುತ್ತಾರೆ. ನನ್ನ ಸಿಟ್ಟು ಅವನ ಮೇಲಲ್ಲ. ಈ ಚರ್ಮದವನು ಇದ್ದಾನಲ್ಲ, ಇವನು ಮನೆಗೆ ಬಂದ, ಕೈಕಾಲು ತೊಳೆದ, ಕೆಲಸಕ್ಕೆ ಕೂತ. ನನ್ನದು ನಾನು ಹೇಳಿಯಾಯಿತು ಅಂದುಕೊಂಡ. ಅಂದುಕೊಂಡು ಹಾಯಾಗಿ ಉಸಿರು ಬಿಟ್ಟ.

ಇನ್ನೊಂದು ಕೇಳು. ಬಿರುಕಿನ ಅಂಚು ಸ್ವಲ್ಪ ಮೇಲೆದ್ದಿತ್ತು. ನೆನೆದ ಚರ್ಮ ಬಿಗಿದಾಗ ಕೆಳಗಿನ ಉಬ್ಬು ಮೇಲೆ ಗೆರೆಯಾಗಿ ಕಾಣುತ್ತದೆ. ಕೆಲಸ ಅಂದಗೆಡುತ್ತದೆ. ಹಾಗಾಗಬಾರದು ಅಂತ ಅವನು ಬಿರುಕಿನ ಮೇಲೆ ಒಂದು ತೆಳು ಬಟ್ಟೆಯ ಪಟ್ಟಿ ಅಂಟಿಸಿ ಸಮ ಮಾಡಿದ. ಅದರ ಮೇಲೆ ಚರ್ಮ ಹೊಲಿದ. ಥೂ! ಬಟ್ಟೆ ಕತ್ತರಿಸುವಾಗಲಾದರೂ ಆ ಕೈ ನಡುಗಬೇಡವೇ?

ಚರ್ಮ ಹಸಿಯಿರುವಾಗಲೇ, ಅದನ್ನು ಹಿಡಿದು ಹಾರುವವನ ಕೈಯಿಂದ ಒಮ್ಮೆ ಗಟ್ಟಿಯಾಗಿ ಹಿಡಿಸುವುದು ಅವರಲ್ಲಿ ವಾಡಿಕೆ. ಬೆರಳುಗಳಿಗೆ ತಕ್ಕ ಹಾಗೆ ಹಿಡಿ ಕೂರಲಿ ಅಂತ. ಪೈಲಟ್ ಬಂದ. ಒಳ್ಳೆಯ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು, ಕೋಲನ್ನು ಹಿಡಿದ. ಬಿರುಕು ಸರಿಯಾಗಿ ಅವನ ಅಂಗೈ ಕೆಳಗೇ ಇತ್ತು. "ಎಷ್ಟು ಗಟ್ಟಿಯಾಗಿದೆ ಮಾರಾಯರೇ! ನಿಮ್ಮ ಕೈಗೆ ನಮಸ್ಕಾರ" ಎಂದ. ಚರ್ಮದವನು ನಕ್ಕ. ನಕ್ಕನೋ ಅವನು! ಚಹಾ ತರಿಸಿ ಕುಡಿಸಿ ಕಳಿಸಿದ.

ಗೊತ್ತು ಮಾಡಿದ ದಿನ ವಿಮಾನ ಏರಿತು. ಜನರ ತಲೆಯ ಮೇಲೆ ಎರಡು ಸುತ್ತು ಹಾಕಿ, ನೆಲದ ಹತ್ತಿರಕ್ಕೆ ಇಳಿದು, ಮತ್ತೆ ಏರಬೇಕಾಗಿತ್ತು. ಪೈಲಟ್ ಕೋಲನ್ನು ಎಳೆದ. ಚರ್ಮದ ಒಳಗೇ ಕೊಳವೆ ಮುರಿಯಿತು. ವಿಮಾನ ಏಳಲಿಲ್ಲ, ಮೈದಾನದಾಚೆಯ ಹೊಲಕ್ಕೆ ಬಿತ್ತು. ಅವನು ಉಳಿಯಲಿಲ್ಲ.

ತಿಂಗಳಾದ ಮೇಲೆ ಅವನ ಹೆಂಡತಿ ಚರ್ಮದವನ ಅಂಗಡಿಗೆ ಬಂದಳು. ಹೊಲದಲ್ಲಿ ಸಿಕ್ಕಿದ ಹಿಡಿಯನ್ನು ತಂದಿದ್ದಳು. ಗಂಡನ ಬೆರಳುಗಳ ಗುರುತು ಚರ್ಮದ ಮೇಲೆ ಹಾಗೇ ಇತ್ತು. ಹೊಲಿಗೆಯ ಒಂದು ಎಳೆಯೂ ಬಿಟ್ಟಿರಲಿಲ್ಲ. "ಬಿಚ್ಚಿ. ಒಳಗೆ ಏನಾಗಿದೆಯೋ ನಾನು ನೋಡಬೇಕು" ಎಂದಳು.

ಅವನು ತನ್ನ ಹೊಲಿಗೆಯನ್ನು ತಾನೇ ಕೊಯ್ದ. ಮುರಿದ ಕೊಳವೆ ಕಂಡಿತು. ಅದರ ಮೇಲೆ ಬಟ್ಟೆಯ ಪಟ್ಟಿಯೂ ಕಂಡಿತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು.

"ಇದನ್ನು ಯಾಕೆ ಇಟ್ಟಿರಿ?"

"ಇಡದಿದ್ದರೆ ಚರ್ಮದ ಮೇಲೆ ಗೆರೆ ಕಾಣುತ್ತಿತ್ತಮ್ಮ" ಎಂದ ಅವನು.

ಆ ತಾಯಿ ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟು ಹೋದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಅಂಗಡಿಯನ್ನು ಉಳಿಸುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನೀರಿನ ಚೊಂಬು ಪಕ್ಕದಲ್ಲೇ ಇದ್ದರೂ ಮುಟ್ಟಲಿಲ್ಲ.

ಪರುತಪ್ಪ ಮೆಲ್ಲಗೆ ಅಂದ: "ಆದರೂ ಗುರುಗಳೇ, ಅವನು ಸಾಹುಕಾರನಿಗೆ ಹೇಳಿದ್ದನಲ್ಲವೇ?"

"ಲೇ, ಆ ಕೋಲು ಹಿಡಿದು ಮೇಲಕ್ಕೆ ಹೋದವನು ಸಾಹುಕಾರನೇನೋ?"