ಹರಿಗೋಲಿಗೆ ಹಚ್ಚಿ ಉಳಿದ ಎಣ್ಣೆ

"ಗುರುಗಳೇ, ಆಯುಸ್ಸು ಹೆಚ್ಚಬೇಕಾದರೆ ಏನನ್ನು ಬಿಡಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯನಿಗೆ ನಲವತ್ತು ದಾಟಿತ್ತು. ಗಡ್ಡದಲ್ಲಿ ಮೊದಲ ಬಿಳಿಕೂದಲು ಕಂಡ ದಿನವೇ ಉಪ್ಪು ಬಿಟ್ಟಿದ್ದ. ಆಮೇಲೆ ಅನ್ನ ಬಿಟ್ಟ. ಈಗ ಅರ್ಧ ನಿದ್ದೆಯನ್ನೂ ಬಿಟ್ಟು ಗುಡ್ಡ ಹತ್ತಿ ಇಳಿಯುತ್ತಿದ್ದ. ಕಣ್ಣು ಗುಳಿಬಿದ್ದಿತ್ತು. ಇನ್ನು ಬಿಡಲು ಏನೂ ತೋಚದೆ ಕೇಳಲು ಬಂದಿದ್ದ.

ಗುರುಗಳು ಹೊಳೆಯ ದಂಡೆಯಲ್ಲಿ, ಬೋರಲು ಹಾಕಿದ ಹರಿಗೋಲಿನ ಪಕ್ಕ ಕೂತು ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಕೂತುಕೋ, ಒಂದು ಕತೆ ಹೇಳುತ್ತೇನೆ" ಅಂದರು.

"ನಿಧಾನಕ್ಕೆ ಬಾ." ಒಬ್ಬ ಅಂಬಿಗನಿಗೆ ಅವನ ಹೆಂಡತಿ ಹೇಳಿದ ಕಡೆಯ ಮಾತು ಇದು. ಮೂರು ದಿನ ಜ್ವರದಲ್ಲಿ ಮಲಗಿದ್ದಳು. ಮಾತು ನಿಂತಿತ್ತು. ನಾಲ್ಕನೆಯ ದಿನ ಬಿಸಿಲೇರುವ ಹೊತ್ತಿಗೆ ಕಣ್ಣು ಬಿಟ್ಟಳು. ಅವನ ಕೈ ಹಿಡಿದು ಇಷ್ಟು ಹೇಳಿದಳು. ಆಮೇಲೆ ಕೈ ಸಡಿಲಾಯಿತು.

ಅವನಿಗೆ ಆ ಮಾತು ಹೊಸದಲ್ಲ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಹರಿಗೋಲು ನೀರಿಗಿಳಿಸುವಾಗ ದಂಡೆಯಲ್ಲಿ ನಿಂತು ಅದನ್ನೇ ಹೇಳುತ್ತಿದ್ದಳು. ಅವನು ಹುಂ ಅನ್ನುತ್ತಿದ್ದ. ಸಂಜೆ ಅದೇ ಜಾಗದಲ್ಲಿ ನಿಂತು ಕಾಯುತ್ತಿದ್ದಳು.

ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು ಅದು. ಬೆಳಿಗ್ಗೆ ಎರಡು ಸಲ ದಾಟಿಸಬೇಕು, ಸಂಜೆ ಎರಡು ಸಲ. ನಡುವೆ ಮಳಲಿನ ಮೇಲೆ ಬೋರಲು ಹಾಕಿ ಒಣಗಿಸಬೇಕು. ಅದು ಒಣಗುವಷ್ಟು ಹೊತ್ತು ಅಂಬಿಗ ಬೇವಿನ ನೆರಳಲ್ಲಿ ಉಂಡು ಮಲಗಬೇಕು. ಇದು ಅವಳು ಮಾಡಿದ ಕಟ್ಟಳೆ. ಆಚೆ ದಂಡೆಯಲ್ಲಿ ಎಷ್ಟೇ ಜನ ಕೂಗಲಿ, ಐದನೆಯ ಸಲಕ್ಕೆ ಬಿಡುತ್ತಿರಲಿಲ್ಲ. "ಐದನೆಯ ಸಲ ಹೊಳೆ ನಮ್ಮದಲ್ಲ" ಅನ್ನುತ್ತಿದ್ದಳು. ಜನ ಗೊಣಗಿಕೊಂಡು, ಕಟ್ಟಿ ತಂದ ರೊಟ್ಟಿ ತಿಂದು, ಅಲ್ಲೇ ಮಲಗಿ, ಬೆಳಿಗ್ಗೆ ದಾಟುತ್ತಿದ್ದರು.

ಅಮಾವಾಸ್ಯೆಗೊಮ್ಮೆ ಹರಳೆಣ್ಣೆ ಬಿಸಿ ಮಾಡಿ ತೊಗಲಿಗೆಲ್ಲ ಹಚ್ಚುತ್ತಿದ್ದಳು. ಕೈಯಲ್ಲಿ ಉಳಿದ ಎಣ್ಣೆಯನ್ನು ಅವನ ಮೊಣಕಾಲಿಗೆ ತಿಕ್ಕುತ್ತಿದ್ದಳು. "ಅದಕ್ಕೆ ಬಟ್ಟಲು, ನಿನಗೆ ಅಂಗೈ. ಯಾರು ಹೆಚ್ಚು ಅಂತ ನೀನೇ ತಿಳಿದುಕೋ" ಎಂದು ನಗುತ್ತಿದ್ದಳು. ಅಂಬಿಗನೂ ನಗುತ್ತಿದ್ದ. ತನಗೆ ಎಷ್ಟು ವಯಸ್ಸಾಯಿತು ಎಂದು ಅವನು ಆಗ ಒಮ್ಮೆಯೂ ಯೋಚಿಸಿದವನಲ್ಲ.

ಜ್ವರ ಬರುವ ಹಿಂದಿನ ದಿನ ಅಮಾವಾಸ್ಯೆ. ಅವತ್ತೂ ಎಣ್ಣೆ ಹಚ್ಚಿದ್ದಳು. ಅವಳು ಹೋದ ಮೇಲೆ ನೋಡಿದರೆ ಅವಳ ಬೆರಳಿನ ಗೆರೆ ತೊಗಲಿನ ಮೇಲೆ ಹಾಗೆಯೇ ಇತ್ತು.

ನೀರಿಗಿಳಿಸಿದರೆ ಗೆರೆ ಅಳಿಸಿಹೋಗುತ್ತದೆ ಎಂದು ಅಂಬಿಗ ಹೆದರಿದ. ಹರಿಗೋಲನ್ನು ಹಿತ್ತಿಲ ಕೊಟ್ಟಿಗೆಯಲ್ಲಿಟ್ಟು ಹುಲ್ಲು ಮುಚ್ಚಿದ. ತನ್ನನ್ನೂ ಹಾಗೆಯೇ ಇಟ್ಟುಕೊಂಡ. ನಿಧಾನಕ್ಕೆ ಬಾ ಅಂದಿದ್ದಾಳೆ. ಬೇಗ ಸತ್ತರೆ ಅವಳ ಮಾತು ಮುರಿದ ಹಾಗೆ. ಅದಕ್ಕೆ ಬಿಸಿಲಿಗೆ ಹೋಗಲಿಲ್ಲ, ಗಾಳಿಗೆ ಹೋಗಲಿಲ್ಲ. ಬೆಳಿಗ್ಗೆ ಗಂಜಿ, ಸಂಜೆ ಗಂಜಿ. ಯಾರೋ ಹೇಳಿದ ಬೇರು, ಇನ್ನಾರೋ ಹೇಳಿದ ಪುಡಿ. "ನಿನ್ನ ಮಾತು ನಡೆಸುತ್ತಿದ್ದೇನೆ ಕಣೇ" ಎಂದು ಗೋಡೆಗೆ ಹೇಳುತ್ತಿದ್ದ. ಆರು ತಿಂಗಳಲ್ಲಿ ಮೊಣಕಾಲು ಮಡಚಲು ಬರದಾಯಿತು. ವರ್ಷ ತುಂಬುವ ಹೊತ್ತಿಗೆ ಬಾಗಿಲಿಗೆ ಬರಲೂ ಗೋಡೆ ಹಿಡಿಯಬೇಕಾಯಿತು. ಅಂಬಿಗ ಇನ್ನಷ್ಟು ಹೆದರಿ, ಇನ್ನಷ್ಟು ಅಲುಗಾಡದೆ ಕೂತ.

ಒಂದು ದಿನ ಒಬ್ಬ ಮೇದಾರ ಮುದುಕಿ ಬಂದಳು. ಆ ಹರಿಗೋಲಿನ ಬಿದಿರು ಹೆಣೆದವಳು ಅವಳೇ. ಅಂಬಿಗನಿಗಿಂತ ಹತ್ತು ವರ್ಷ ದೊಡ್ಡವಳು. ತಲೆಯ ಮೇಲೆ ಬುಟ್ಟಿಗಳ ಹೊರೆ ಇತ್ತು.

"ಏನು ತಮ್ಮಾ, ಕಂಬಳಿ ಹೊದ್ದು ಮೂಲೆ ಹಿಡಿದಿದ್ದೀಯ. ಬಾಣಂತನವೇ?" ಅಂದಳು. "ನಿನ್ನಿಂದಾಗಿ ವರ್ಷದಿಂದ ಊರೆಲ್ಲ ಸುತ್ತಿ ಸಂತೆಗೆ ಹೋಗುತ್ತಿದ್ದೇನೆ. ಹರಿಗೋಲು ಎಲ್ಲಿ?"

ಅಂಬಿಗ ಹೆಂಡತಿಯ ಮಾತು ಹೇಳಿದ. ಗೋಡೆ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದ. ಮುದುಕಿ ಹುಲ್ಲು ಸರಿಸಿದಳು. ತೊಗಲು ಬಿರುಕು ಬಿಟ್ಟಿತ್ತು. ಒಂದು ಕಡೆ ಇಲಿ ಕಡಿದಿತ್ತು. ಬೆರಳಿನ ಗೆರೆ ಇದ್ದ ಜಾಗದಲ್ಲಿ ದೂಳು ಇತ್ತು.

ಅಂಬಿಗ ಬಗ್ಗಿ ಗೆರೆ ಹುಡುಕಿದ. "ಒಂದು ಹನಿ ನೀರು ಸೋಕಿಸಲಿಲ್ಲ ಅಕ್ಕಾ. ಆದರೂ ಹೀಗಾಯಿತು."

"ಸೋಕಿಸಲಿಲ್ಲ, ಅದಕ್ಕೇ ಹೀಗಾಯಿತು" ಅಂದಳು ಮುದುಕಿ. ಗೆಣ್ಣಿನಿಂದ ಬಿದಿರನ್ನು ತಟ್ಟಿ ನೋಡಿದಳು. "ಬಿದಿರು ಗಟ್ಟಿಯಿದೆ. ತೊಗಲು ಸತ್ತಿಲ್ಲ, ಬಾಯಾರಿದೆ. ನಾನು ಹೆಣೆದುಕೊಟ್ಟ ಮೇಲೆ ಹತ್ತು ವರ್ಷ ಹೊಳೆಯ ಜೊತೆ ಗುದ್ದಾಡಿದಾಗ ಏನೂ ಆಗಲಿಲ್ಲ ಇದಕ್ಕೆ. ಒಂದು ವರ್ಷದ ನೆರಳು ಹೀಗೆ ಮಾಡಿತು. ಅವಳು ನಿಧಾನಕ್ಕೆ ಬಾ ಅಂದಳು ಕಣಪ್ಪಾ. ಬರುವುದನ್ನೇ ನಿಲ್ಲಿಸು ಅಂದಳೇ?"

ಅಂಬಿಗ ಕಣ್ಣು ಒರೆಸಿಕೊಂಡು, "ಹಾಗಾದರೆ ನಾಳೆಯಿಂದ ಬೆಳಗಿನಿಂದ ಕತ್ತಲಾಗುವವರೆಗೆ ಹುಟ್ಟು ಹಾಕುತ್ತೇನೆ. ಕೂತ ವರ್ಷವನ್ನೆಲ್ಲ ತೀರಿಸುತ್ತೇನೆ" ಅಂದ.

ಮುದುಕಿ ಗಟ್ಟಿಯಾಗಿ ನಕ್ಕಳು. "ನಿನ್ನ ಗಂಜಿಗೆ ಬೆಂಕಿ ಬೀಳಲಿ! ಬಾಗಿಲಿಗೆ ಬರಲು ಗೋಡೆ ಬೇಕು ನಿನಗೆ. ಮೊದಲು ತೇಪೆ ಹಾಕು. ಎಣ್ಣೆ ಕುಡಿಸು. ದಂಡೆಯಲ್ಲಿ ನೆನೆಸಿಡು. ಆಮೇಲೆ ಒಂದು ಸಲ ದಾಟಿಸು. ಕಾಲು ಒಪ್ಪಿದ ಮೇಲೆ ಎರಡು ಸಲ. ನಾಲ್ಕು ಇನ್ನು ಬೇಡ, ನಿನಗೂ ವಯಸ್ಸಾಯಿತು. ನಡುವೆ ಅದನ್ನು ಬೋರಲು ಹಾಕು, ನೀನೂ ಉಂಡು ಮಲಗು. ಗಂಜಿಯಲ್ಲ, ರೊಟ್ಟಿ."

ಹೊರೆ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು. ಅವತ್ತೂ ಸುತ್ತಿಕೊಂಡೇ ಹೋದಳು.

ಮಾರನೆಯ ದಿನ ಬೆಳಿಗ್ಗೆ ಅಂಬಿಗ ಒಲೆ ಹೊತ್ತಿಸಿ ಎಣ್ಣೆ ಬಿಸಿ ಮಾಡಿದ. ಹರಿಗೋಲನ್ನು ಎಳೆದು ತರಲು ಬಹಳ ಹೊತ್ತು ಹಿಡಿಯಿತು. ನಾಲ್ಕು ಕಡೆ ಕೂತು ಎದ್ದ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಅದನ್ನು ಬೋರಲು ಹಾಕಿದ. ದೂಳು ಒರೆಸಿದ. ಅವಳ ಬೆರಳು ಆಡಿದ ತೊಗಲಿನ ಮೇಲೆ ಕೈ ಇಟ್ಟ. ಆಮೇಲೆ ಆ ಜಾಗದಿಂದಲೇ ಎಣ್ಣೆ ಹಚ್ಚಲು ಶುರುಮಾಡಿದ. ಹಚ್ಚಿ ಮುಗಿದಾಗ ಅಂಗೈಯಲ್ಲಿ ಸ್ವಲ್ಪ ಎಣ್ಣೆ ಉಳಿದಿತ್ತು. ಅದನ್ನು ಯಾರು ತಿಕ್ಕಬೇಕು ಎಂದು ಅತ್ತಿತ್ತ ನೋಡಿದ. ಕಾಲು ಚಾಚಿ ಕೂತು, ತನ್ನ ಮೊಣಕಾಲಿಗೆ ತಾನೇ ತಿಕ್ಕಿಕೊಂಡ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕಾದ. ಮುಂದೆ ಏನೂ ಬರಲಿಲ್ಲ. "ಆಮೇಲೆ ಅವನು ಎಷ್ಟು ವರ್ಷ ಬದುಕಿದ ಗುರುಗಳೇ?" ಎಂದು ಕೇಳಿದ.

ಗುರುಗಳು ಎಣ್ಣೆಯ ಕೈಯನ್ನು ಪಂಚೆಯ ಅಂಚಿಗೆ ಒರೆಸಿಕೊಂಡು ನಿಧಾನಕ್ಕೆ ಎದ್ದು ನಿಂತರು.

"ಅವಳು ಇನ್ನೂ ಕಾಯುತ್ತಿದ್ದಾಳೆ."